ದವಡೆಗೆ ಕಟ್ಟು, ಕೈಯಲ್ಲಿ ಚೆಂಡು

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನವುಲೆ ಕಡೆ ಹೋಗುವವರಿಗೆ ಅಲ್ಲಿನ ಕೆಎಸ್‌ಸಿಎ ಮೈದಾನವನ್ನು ಪರಿಚಯಿಸಬೇಕಾಗಿಲ್ಲ. 2024ರ ಜನವರಿಯಲ್ಲಿ ಕೂಚ್ ಬಿಹಾರ್ ಟ್ರೋಫಿ ಫೈನಲ್‌ನಲ್ಲಿ ಪ್ರಖರ್ ಚತುರ್ವೇದಿ ಮುಂಬೈ ಬೌಲರ್‌ಗಳನ್ನು ದಂಡಿಸಿ ಔಟಾಗದೆ 404 ರನ್ ಗಳಿಸಿದ್ದು ಅಲ್ಲಿಯೇ. ನಾನು ಮೊನ್ನೆ ಭಾನುವಾರ ಹೋದದ್ದು ಅದೇ ರಸ್ತೆಯ ಇನ್ನೊಂದು ಬಯಲಿಗೆ. ಸೈಟುಗಳ ಕಲ್ಲು ನೆಟ್ಟಿದ್ದರೂ ಇನ್ನೂ ಮನೆ ಏಳದ ಜಾಗ. ಎರಡು ಬಿದಿರಿನ ಗಳು, ಮೇಲೊಂದು ನೈಲಾನ್ ಹಗ್ಗ, ಅದೇ ಗೋಲು. ಇಪ್ಪತ್ತರಷ್ಟು ಹುಡುಗರು ಧೂಳೆಬ್ಬಿಸಿ ಫುಟ್‌ಬಾಲ್ ಆಡುತ್ತಿದ್ದರು.

ಅವರಿಗೆ ಕಲಿಸುವವರು ಭದ್ರಾವತಿಯ ನಿವೃತ್ತ ಪಿ.ಟಿ. ಮೇಷ್ಟ್ರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಭದ್ರಾವತಿ ಎಂದರೆ ನಮಗೆ ಮೊದಲು ನೆನಪಾಗುವುದು ಕಬ್ಬಿಣ, ಆಮೇಲೆ ಕಾಗದ, ಆಮೇಲೆ ಅಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್. ಮೇಷ್ಟ್ರಿಗೆ ಮಾತ್ರ ಭದ್ರಾವತಿ ಎಂದರೆ ಕಾರ್ಖಾನೆಯ ಮೂರು ಪಾಳಿಗಳ ನಡುವೆ ಬಿಡುವು ಮಾಡಿಕೊಂಡು ಆಡುತ್ತಿದ್ದ ಫುಟ್‌ಬಾಲ್. ಅವರು ಕೀಪರ್ ಆಗಿದ್ದವರು. ಬಲಗೈಯ ಕಿರುಬೆರಳು ಇಂದಿಗೂ ಪಕ್ಕದ ಬೆರಳಿನ ಜೊತೆ ಸೇರುವುದಿಲ್ಲ, ಹೊರಕ್ಕೆ ವಾಲಿಕೊಂಡೇ ಇರುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಔಷಧಿ ಪೆಟ್ಟಿಗೆ. ಹಳೆಯ ತಗಡಿನ ಟ್ರಂಕು, ಒಳಗೆ ಹತ್ತಿ, ಡೆಟಾಲ್, ಕ್ರೇಪ್ ಬ್ಯಾಂಡೇಜು, ಐಸ್ ಹಾಕಿದ ಥರ್ಮಾಸು. ಮುಚ್ಚಳದ ಒಳಬದಿಗೆ ಅಂಟಿಸಿದ ಎರಡು ಪತ್ರಿಕಾ ಚಿತ್ರಗಳು. ಒಂದರಲ್ಲಿ ಕುತ್ತಿಗೆ ಹಿಡಿದುಕೊಂಡು ಮೈದಾನದಿಂದ ಬರುತ್ತಿರುವ ಗೋಲ್‌ಕೀಪರ್ ಬರ್ಟ್ ಟ್ರೌಟ್‌ಮನ್. ಇನ್ನೊಂದರಲ್ಲಿ ತಲೆಯಿಂದ ಗದ್ದದವರೆಗೆ ಬಿಳಿ ಪಟ್ಟಿ ಸುತ್ತಿಕೊಂಡ ಅನಿಲ್ ಕುಂಬ್ಳೆ. 'ಸಾರ್, ಇವ್ರಿಗೆ ಹಲ್ಲುನೋವಾ?' ಎಂದು ಕೇಳಿದ ಹುಡುಗನೊಬ್ಬನಿಗೆ ಮೇಷ್ಟ್ರು ಕಥೆಯನ್ನು ಮೊದಲಿಂದ ಹೇಳಿದರು. ಆ ಹುಡುಗ ಹುಟ್ಟುವ ಎಷ್ಟೋ ವರ್ಷ ಮೊದಲೇ ಕುಂಬ್ಳೆ ನಿವೃತ್ತರಾಗಿದ್ದರು.

ಫುಟ್‌ಬಾಲ್ ಕಲಿಸುವವರ ಪೆಟ್ಟಿಗೆಯಲ್ಲಿ ಲೆಗ್ ಸ್ಪಿನ್ನರ್ ಯಾಕೆ ಎಂದು ಕೇಳಿದೆ. 'ಅವತ್ತು ಅವ್ರೂ ಕೀಪರ್ ಆಗಿದ್ರು ಕಣ್ರೀ' ಎಂದರು. 'ಬೇರೆ ಯಾರೂ ಮಾಡಕ್ಕಾಗದ ಕೆಲಸ, ತಾನೇ ಮಾಡ್ಬೇಕು ಅಂತ ಒಳಗೆ ಬಂದ್ರಲ್ಲ. ಹತ್ತು ಜನ ಇದ್ರೂ ಒಬ್ನೇ ನಿಂತಂಗೆ.'

ಟ್ರೌಟ್‌ಮನ್ ಕಥೆ ಬಲ್ಲವರು ಬಲ್ಲರು, ಚುಟುಕಾಗಿ ಹೇಳುತ್ತೇನೆ. ಜರ್ಮನಿಯ ಬ್ರೆಮೆನ್‌ನಲ್ಲಿ 1923ರಲ್ಲಿ ಹುಟ್ಟಿ, ಹಿಟ್ಲರನ ಸೇನೆಯಲ್ಲಿ ಪ್ಯಾರಾಟ್ರೂಪರ್ ಆಗಿದ್ದು, ಸೆರೆಯಾಳಾಗಿ ಇಂಗ್ಲೆಂಡಿಗೆ ಬಂದು ಅಲ್ಲೇ ಉಳಿದವರು. ಮೊದಲು ಅವರು ಕೀಪರ್ ಆಗಿರಲೇ ಇಲ್ಲ. ಸೆರೆಯಾಳುಗಳ ಶಿಬಿರದ ಪಂದ್ಯವೊಂದರಲ್ಲಿ ಗಾಯಗೊಂಡು, ಓಡಲಾಗದೆ ಕೀಪರ್ ಜೊತೆ ಜಾಗ ಬದಲಿಸಿಕೊಂಡರು. ಮುಂದೆ ಅದೇ ಅವರ ಜಾಗವಾಯಿತು. 1949ರಲ್ಲಿ ಮ್ಯಾಂಚೆಸ್ಟರ್ ಸಿಟಿ ಸೇರಿಸಿಕೊಂಡಾಗ ಸಾವಿರಾರು ಜನ ಬೀದಿಗಿಳಿದು ಪ್ರತಿಭಟಿಸಿದರು. ಅವರ ಪರವಾಗಿ ಬಹಿರಂಗ ಪತ್ರ ಬರೆದವರು ಆ ಊರಿನ ಯಹೂದಿ ಧರ್ಮಗುರು ಅಲೆಕ್ಸಾಂಡರ್ ಆಲ್ಟ್‌ಮನ್. 1956ರ ಮೇ 5ರಂದು ವೆಂಬ್ಲಿಯಲ್ಲಿ ಎಫ್ಎ ಕಪ್ ಫೈನಲ್. ಪಂದ್ಯ ಮುಗಿಯಲು 17 ನಿಮಿಷ ಇದ್ದಾಗ ಬರ್ಮಿಂಗ್‌ಹ್ಯಾಂನ ಪೀಟರ್ ಮರ್ಫಿ ಕಾಲಿಗೆ ಎದುರಾಗಿ ಟ್ರೌಟ್‌ಮನ್ ಬಿದ್ದರು. ಮರ್ಫಿಯ ಮೊಣಕಾಲು ಅವರ ಕುತ್ತಿಗೆಗೆ ಬಡಿಯಿತು. ಬದಲಿ ಆಟಗಾರನನ್ನು ಇಳಿಸುವ ನಿಯಮವೇ ಇಲ್ಲದ ಕಾಲ ಅದು, ಇಂಗ್ಲಿಷ್ ಲೀಗ್‌ಗೆ ಆ ಅವಕಾಶ ಬಂದದ್ದು 1965ರಲ್ಲಿ. ಎದ್ದು ನಿಂತರು, ಮತ್ತೆ ಚೆಂಡು ತಡೆದರು, ಸಿಟಿ 3–1ರಿಂದ ಗೆದ್ದಿತು. ಕುತ್ತಿಗೆ ಮುರಿದಿದೆ ಎಂದು ಎಕ್ಸ್‌ರೇಯಲ್ಲಿ ಗೊತ್ತಾಗಲು ಇನ್ನೂ ನಾಲ್ಕು ದಿನ ಬೇಕಾಯಿತು. ಎರಡನೇ ಕಶೇರು ಸೀಳಿತ್ತು. ಮೂರನೆಯದು ಅದಕ್ಕೆ ಒತ್ತಿ ಸಿಕ್ಕಿಕೊಂಡಿದ್ದರಿಂದ ಅದು ಇನ್ನಷ್ಟು ಸರಿಯಲಿಲ್ಲ, ಜೀವ ಉಳಿಯಿತು.

ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಜರ್ನೈಲ್ ಸಿಂಗ್ ತಲೆಗೆ ಹೊಲಿಗೆ ಹಾಕಿಸಿಕೊಂಡೇ ಫೈನಲ್ ಆಡಿ ದಕ್ಷಿಣ ಕೊರಿಯಾಕ್ಕೆ ಗೋಲು ಹೊಡೆದರು, ಜ್ವರದಿಂದ ಎದ್ದು ಬಂದ ಪೀಟರ್ ತಂಗರಾಜ್ ಗೋಲು ಕಾದರು. ನಾವು 2–1ರಿಂದ ಚಿನ್ನ ಗೆದ್ದೆವು.

ನನ್ನ ಮನಸ್ಸು ಮಾತ್ರ ಕುಂಬ್ಳೆಯ ಆ ಬಿಳಿ ಪಟ್ಟಿಯ ಸುತ್ತಲೇ ತಿರುಗುತ್ತಿತ್ತು. ಆ ಚಿತ್ರವನ್ನು ಎಷ್ಟೋ ಸಲ ನೋಡಿದ್ದೇವೆ. ಆದರೆ ಆ ಪಟ್ಟಿ ಏನು ಮಾಡುತ್ತಿತ್ತು ಎಂದು ಯೋಚಿಸಿದವರು ಎಷ್ಟು ಜನ? ಮೇಷ್ಟ್ರು ಯೋಚಿಸಿದ್ದಾರೆ. ಪೆಟ್ಟಿಗೆಯಿಂದ ಕ್ರೇಪ್ ಬ್ಯಾಂಡೇಜು ತೆಗೆದು ಹುಡುಗನೊಬ್ಬನನ್ನು ಕಲ್ಲಿನ ಮೇಲೆ ಕೂರಿಸಿ ಕಟ್ಟಲು ಶುರು ಮಾಡಿದರು.

ಕೆಳದವಡೆ ಕುದುರೆಲಾಳದಂತೆ ಬಾಗಿದ ಒಂದೇ ಎಲುಬು. ಎರಡೂ ಕಿವಿಗಳ ಮುಂದೆ ಕೀಲುಗಳಲ್ಲಿ ತೂಗುತ್ತದೆ, ಮುಖದಲ್ಲಿ ಅಲುಗಾಡುವ ಎಲುಬು ಅದೊಂದೇ. ಅದು ಮುರಿದರೆ ಅಗಿಯುವ ಸ್ನಾಯುಗಳು ತುಂಡುಗಳನ್ನು ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ. ಮಾತಾಡಿದರೆ, ಎಂಜಲು ನುಂಗಿದರೆ, ನಡೆದರೂ ನೋವು. ಹೊರಗಿನಿಂದ ಪಟ್ಟಿ ಬಿಗಿದರೆ ಕೆಳಹಲ್ಲು ಮೇಲಿನ ಹಲ್ಲಿಗೆ ಒತ್ತಿಕೊಂಡು ನಿಲ್ಲುತ್ತದೆ, ಆಗ ಮೇಲ್ದವಡೆಯೇ ಕೆಳದವಡೆಗೆ ಆಸರೆ. ಬಾರ್ಟನ್ ಎಂಬ ಅಮೆರಿಕದ ಶಸ್ತ್ರವೈದ್ಯನ ಹೆಸರಿನಲ್ಲಿ ಇಂಥದೊಂದು ಕಟ್ಟು ವೈದ್ಯಪುಸ್ತಕಗಳಲ್ಲಿದೆ. ನೆತ್ತಿಯಿಂದ ಗದ್ದಕ್ಕೆ, ಗದ್ದದಿಂದ ಹಿಂತಲೆಗೆ ಎಂಟರ ಆಕಾರದಲ್ಲಿ ಸುತ್ತುತ್ತಾರೆ. ಒಂದು ಸುತ್ತು ಸಡಿಲವಾದರೂ ಇಡೀ ಕಟ್ಟು ಕಿವಿಯ ಹಿಂದಕ್ಕೆ ಜಾರುತ್ತದೆ. ಮೇಷ್ಟ್ರು ಬಿಚ್ಚಿ ಮತ್ತೆ ಕಟ್ಟಿದರು. ಹುಡುಗ ಉಸಿರಾಡಲು ಮೂಗೊಂದನ್ನೇ ನೆಚ್ಚಬೇಕಾಯಿತು.

'ಈಗ ಓಡಿ ಬಂದು ಬೌಲ್ ಮಾಡು ಮರಿ.'

ಹುಡುಗ ನಾಲ್ಕು ಹೆಜ್ಜೆ ಓಡಿ ಬಂದು ಟೆನಿಸ್ ಬಾಲು ಎಸೆದ. ಮುಂಗಾಲು ನೆಲಕ್ಕೆ ಬಡಿದ ಕ್ಷಣ ಅವನ ಕೈ ತಾನಾಗಿಯೇ ಗದ್ದಕ್ಕೆ ಹೋಯಿತು. ಅವನ ದವಡೆಗೆ ಏನೂ ಆಗಿರಲಿಲ್ಲ. ಬರೀ ಪಟ್ಟಿ, ಆದರೂ ಹಲ್ಲಿಗೆ ಹಲ್ಲು ಬಡಿದ ಹಾಗಾಯಿತು ಎಂದ. ಎರಡನೇ ಬಾಲಿಗೆ ಮೆತ್ತಗೆ ಓಡಿ ಬಂದ, ಚೆಂಡು ಅರ್ಧ ದಾರಿಯಲ್ಲೇ ಬಿತ್ತು. ನಾನೂ ಕಟ್ಟಿಸಿಕೊಂಡು ನೋಡಿದೆ. ಬಾಯಿ ಬಿಡಲಾಗದೆ ನಾಲ್ಕು ಹೆಜ್ಜೆ ಓಡಿದರೂ ಎದೆ ಬಿಗಿಯುತ್ತದೆ. ಅಪೀಲ್ ಮಾಡುವುದಂತೂ ಗಂಟಲಲ್ಲೇ ಉಳಿಯುತ್ತದೆ.

ಇನ್ನು ಆ್ಯಂಟಿಗುವಾ. 2002ರ ಮೇ ತಿಂಗಳು, ವೆಸ್ಟ್ ಇಂಡೀಸ್ ವಿರುದ್ಧ ನಾಲ್ಕನೇ ಟೆಸ್ಟ್. ಬ್ಯಾಟ್ ಮಾಡುತ್ತಿದ್ದ ಕುಂಬ್ಳೆಗೆ ಮರ್ವಿನ್ ಡಿಲನ್ ಎಸೆದ ಚೆಂಡು ದವಡೆಗೆ ಬಡಿಯಿತು. ರಕ್ತ ಉಗುಳಿ ಮತ್ತೆ ಕ್ರೀಸಿಗೆ ನಿಂತರು, ಔಟಾಗುವವರೆಗೂ ಆಡಿದರು. ದವಡೆ ಮುರಿದಿದೆ, ಶಸ್ತ್ರಚಿಕಿತ್ಸೆ ಆಗಬೇಕು, ಬೆಂಗಳೂರಿಗೆ ವಾಪಸಾಗಬೇಕು ಎಂದು ತೀರ್ಮಾನವಾಯಿತು. ಅಷ್ಟಕ್ಕೇ ಬಿಟ್ಟಿದ್ದರೂ ಯಾರೂ ಒಂದು ಮಾತು ಆಡುತ್ತಿರಲಿಲ್ಲ. ಭಾರತ 9 ವಿಕೆಟ್‌ಗೆ 513ಕ್ಕೆ ಡಿಕ್ಲೇರ್ ಮಾಡಿತ್ತು. ಫೀಲ್ಡಿಂಗಿಗೆ ಬದಲಿ ಆಟಗಾರ ಸಿಗುತ್ತಾನೆ, ಆದರೆ ಬದಲಿ ಆಟಗಾರ ಬೌಲ್ ಮಾಡುವ ಹಾಗಿಲ್ಲ. ನಾಯಕ ಗಂಗೂಲಿಯ ಕೈಯಲ್ಲಿ ಉಳಿದಿದ್ದು ಮೂವರು ವೇಗಿಗಳು ಮತ್ತು ಸಚಿನ್‌ರಂಥ ಅರೆಕಾಲಿಕ ಬೌಲರ್‌ಗಳು.

ಮೇ 12ರಂದು ಕುಂಬ್ಳೆ ಪಟ್ಟಿ ಕಟ್ಟಿಕೊಂಡು ಮೈದಾನಕ್ಕೆ ಇಳಿದರು. ಸತತ 14 ಓವರ್. ಐದು ಮೇಡನ್, 29 ರನ್, ಒಂದು ವಿಕೆಟ್. ಆ ಒಂದು ವಿಕೆಟ್ ಬ್ರಿಯಾನ್ ಲಾರಾ, ನಾಲ್ಕು ರನ್ನಿಗೆ ಎಲ್‌ಬಿಡಬ್ಲ್ಯು. ಎಲ್‌ಬಿಡಬ್ಲ್ಯು ಎಂದರೆ ಅಂಪೈರ್ ಕಡೆ ತಿರುಗಿ ಕೇಳಲೇಬೇಕು, ಕೇಳದೆ ಸಿಗುವ ವಿಕೆಟ್ ಅಲ್ಲ ಅದು. 14 ಓವರ್ ಎಂದರೆ ಕನಿಷ್ಠ 84 ಸಲ ಓಟ, 84 ಸಲ ನೆಗೆತ, 84 ಸಲ ಮುಂಗಾಲು ಗಟ್ಟಿ ಪಿಚ್ಚಿಗೆ ಬಡಿದ ಏಟು ಬೆನ್ನು ಹತ್ತಿ ಮುರಿದ ಎಲುಬಿಗೆ ಮುಟ್ಟಿದ್ದು. ಸವಳಂಗ ರಸ್ತೆಯ ಹುಡುಗ ಎರಡನೇ ಬಾಲಿಗೇ ಹೆದರಿದ್ದು ಕಣ್ಣೆದುರಿಗಿತ್ತು. ಮೇಷ್ಟ್ರು ಮಕ್ಕಳಿಗೆ ಕಟ್ಟು ಕಟ್ಟಿ ತೋರಿಸುವುದೂ ಇದಕ್ಕೇ. 'ಟಿವಿಯಲ್ಲಿ ನೋಡಿ ಚಪ್ಪಾಳೆ ಹೊಡೀಬೋದು. ಏನು ಮಾಡಿದ್ರು ಅಂತ ಗೊತ್ತಾಗ್ಬೇಕಾದ್ರೆ ಹಲ್ಲು ಕಚ್ಕೊಂಡು ಓಡ್ಬೇಕು.'

ಆ ಪಂದ್ಯ ಗೆಲುವು ಕಾಣಲಿಲ್ಲ. ಹೂಪರ್, ಚಂದ್ರಪಾಲ್, ಜೇಕಬ್ಸ್ ಮೂವರೂ ಶತಕ ಹೊಡೆದರು, ವೆಸ್ಟ್ ಇಂಡೀಸ್ 9 ವಿಕೆಟ್‌ಗೆ 629 ಗಳಿಸಿತು. ಭಾರತದ ಹನ್ನೊಂದೂ ಜನ ಬೌಲ್ ಮಾಡಿದರು, ವಿಕೆಟ್ ಕೀಪರ್ ಅಜಯ್ ರಾತ್ರಾ ಕೂಡ. ನಮ್ಮ ರಾಹುಲ್ ದ್ರಾವಿಡ್ ಟೆಸ್ಟ್‌ನಲ್ಲಿ ಪಡೆದ ಒಂದೇ ಒಂದು ವಿಕೆಟ್, ರಿಡ್ಲಿ ಜೇಕಬ್ಸ್, ಸಿಕ್ಕಿದ್ದು ಆ ಪಂದ್ಯದಲ್ಲೇ. ಡ್ರಾ ಆದ ಪಂದ್ಯ, ಸೋತ ಸರಣಿ. ಆದರೂ ಆ 14 ಓವರ್ ವ್ಯರ್ಥ ಎಂದು ನನಗೆ ಒಮ್ಮೆಯೂ ಅನಿಸಿಲ್ಲ. ಕೈಲಾದಷ್ಟು ಪ್ರಯತ್ನಿಸಿದೆ ಎಂಬ ಸಮಾಧಾನದಿಂದ ಮನೆಗೆ ಹೋಗಬಹುದು ಎಂದರು ಕುಂಬ್ಳೆ. ತಾನು ಆಟದ ಮೈದಾನದಲ್ಲಿ ಕಂಡ ಅತಿ ಧೈರ್ಯದ ಕೆಲಸಗಳಲ್ಲಿ ಇದೊಂದು ಎಂದರು ಆ ದ್ವೀಪದವರೇ ಆದ ವಿವಿಯನ್ ರಿಚರ್ಡ್ಸ್. ಕಾಸರಗೋಡಿನ ಕುಂಬಳೆಯ ಹೆಸರು ಹೊತ್ತ, ಬೆಂಗಳೂರಿನಲ್ಲಿ ಬೆಳೆದ, ಎಂಜಿನಿಯರಿಂಗ್ ಓದಿದ ಮನುಷ್ಯ. ಅಬ್ಬರ ಆತನ ಸ್ವಭಾವವೇ ಅಲ್ಲ.

ಟ್ರೌಟ್‌ಮನ್‌ಗೆ ನನ್ನ ನಮಸ್ಕಾರ ಇದ್ದೇ ಇದೆ. ಹಾಗಿದ್ದರೂ ಇಬ್ಬರನ್ನು ಅಕ್ಕಪಕ್ಕ ಅಂಟಿಸಿದ ಆ ಮುಚ್ಚಳದ ಮುಂದೆ ನಿಂತಾಗ ಕುಂಬ್ಳೆಯ ತೂಕವೇ ಹೆಚ್ಚು ಅನಿಸಿತು. ಕುತ್ತಿಗೆ ಮುರಿದದ್ದು ಟ್ರೌಟ್‌ಮನ್‌ಗೆ ಗೊತ್ತಿರಲಿಲ್ಲ. ನೋವು ಗೊತ್ತಿತ್ತು, ಅಪಾಯ ಗೊತ್ತಿರಲಿಲ್ಲ. ಕುಂಬ್ಳೆಗೆ ಎಲ್ಲವೂ ಗೊತ್ತಿತ್ತು. ಯಾವ ಎಲುಬು, ಯಾವ ಚಿಕಿತ್ಸೆ, ಯಾವ ಊರಿಗೆ ವಾಪಸು. ಯೋಚಿಸಲು ಸಮಯವೂ ಇತ್ತು, ಹಿಂದೆ ಸರಿಯಲು ದಾರಿಯೂ ಇತ್ತು. ತಿಳಿದೂ ಇಳಿದರು, ಅಳೆದು ಇಳಿದರು, ಕೆಲಸ ಮುಗಿಸಿ ವಿಮಾನ ಹತ್ತಿದರು. ವಾಪಸಾಗಿ ಚಿಕಿತ್ಸೆ ಪಡೆದಿದ್ದನ್ನೂ ನಾನು ಆ ಧೈರ್ಯದ ಲೆಕ್ಕಕ್ಕೇ ಸೇರಿಸುತ್ತೇನೆ. ಅದೇ ವರ್ಷ ಆಗಸ್ಟ್‌ನಲ್ಲಿ ಲೀಡ್ಸ್‌ನಲ್ಲಿ ಭಾರತ ಇಂಗ್ಲೆಂಡನ್ನು ಇನಿಂಗ್ಸ್ ಮತ್ತು 46 ರನ್‌ಗಳಿಂದ ಸೋಲಿಸಿದಾಗ ಅದೇ ಕುಂಬ್ಳೆ ಪಂದ್ಯದಲ್ಲಿ ಏಳು ವಿಕೆಟ್ ಕಿತ್ತರು. 2008ರಲ್ಲಿ ದೆಹಲಿಯ ಕೊನೆಯ ಟೆಸ್ಟ್‌ನಲ್ಲೂ ಎಡಗೈ ಕಿರುಬೆರಳಿಗೆ 11 ಹೊಲಿಗೆ ಹಾಕಿಸಿಕೊಂಡು ಬಂದು ಬೌಲ್ ಮಾಡಿ, 619 ವಿಕೆಟ್‌ಗೆ ನಿಲ್ಲಿಸಿದರು. ಈ ಕಿರುಬೆರಳಿನ ಸಂಗತಿ ಹೇಳುವಾಗ ಮೇಷ್ಟ್ರು ತಮ್ಮದನ್ನೂ ಎತ್ತಿ ತೋರಿಸಿದರು.

ಅವರ ಮೈಯಲ್ಲಿ ಇನ್ನೊಂದು ಹಳೆಯ ಪೆಟ್ಟಿದೆ. ಅದರ ವಿಷಯಕ್ಕೆ ಬಂದಾಗ ದನಿ ಬದಲಾಯಿತು. ಭದ್ರಾವತಿಯಲ್ಲಿ ಒಮ್ಮೆ ಫಾರ್ವರ್ಡ್ ಆಟಗಾರನ ಕಾಲಿಗೆ ಅಡ್ಡ ಬಿದ್ದು ಕತ್ತಿನ ಬುಡದ ಕಾಲರ್ ಎಲುಬು ಮುರಿದಿತ್ತು. ಹೊರಗೆ ಹೋಗದೆ ದ್ವಿತೀಯಾರ್ಧವನ್ನೂ ಆಡಿದರು. ಜನ ಹೆಗಲ ಮೇಲೆ ಹೊತ್ತು ಕುಣಿದರು, ಹೊತ್ತಿದ್ದೂ ಮುರಿದ ಕಡೆಯ ತೋಳು ಹಿಡಿದೇ. ಆಮೇಲೆ ನಾಟಿ ಕಟ್ಟು ಹಾಕಿಸಿದರು, ಎಲುಬು ವಕ್ರವಾಗಿ ಕೂಡಿತು. ಇವತ್ತಿಗೂ ಎಡಗೈ ಭುಜದ ಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ. ಅಂಗಿಯ ಮೇಲಿಂದಲೇ ಆ ಗಂಟು ಕೈಗೆ ಸಿಗುತ್ತದೆ.

'ಎಲ್ರೂ ಭೇಷ್ ಅಂದ್ರು. ಹೊರಗೆ ಬಾರೋ ಅಂತ ಒಬ್ರೂ ಅನ್ಲಿಲ್ಲ.'

ಹಾಗಾಗಿ ಈ ಬಯಲಿನ ನಿಯಮಗಳು ಬಿಗಿ. ಚೆಂಡಿಗೆ ಬೀಳುವಾಗ ಮೊದಲು ಕೈ, ಕೈಯ ಹಿಂದೆ ಎದೆ, ತಲೆ ಯಾವತ್ತೂ ಮುಂದಿರಬಾರದು. ತಲೆಗೆ, ಕುತ್ತಿಗೆಗೆ ಪೆಟ್ಟಾದ ಹುಡುಗ ಎಷ್ಟೇ ಅತ್ತರೂ ಆ ದಿನ ಮತ್ತೆ ಒಳಗೆ ಹೋಗುವಂತಿಲ್ಲ. ಈ ಮಾತಿಗೆ ಅವರು ನೆನಪಿಸುವುದು ಬೆಂಗಳೂರಿನ ಕಂಠೀರವ ಕ್ರೀಡಾಂಗಣ. 2004ರ ಡಿಸೆಂಬರ್ 5, ಫೆಡರೇಷನ್ ಕಪ್ ಫೈನಲ್. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೇ ಗೋಲು ಹೊಡೆಯುತ್ತಲೇ ಮೋಹನ್ ಬಾಗಾನ್ ಕೀಪರ್‌ಗೆ ಡಿಕ್ಕಿಯಾಗಿ ಕುಸಿದರು. ಗೋಲು ದಾಖಲಾಯಿತು, ಅವರು ಉಳಿಯಲಿಲ್ಲ.

ಆಟದ ನಿಯಮಗಳೂ ತಡವಾಗಿಯಾದರೂ ಮೇಷ್ಟ್ರ ದಾರಿಗೆ ಬಂದಿವೆ. ತಲೆಗೆ ಪೆಟ್ಟಾದವರಿಗೆ ಬದಲಿ ಆಟಗಾರನನ್ನು ಇಳಿಸುವುದಕ್ಕೆ ಕ್ರಿಕೆಟ್ 2019ರಲ್ಲಿ ಅವಕಾಶ ಕೊಟ್ಟಿತು. ಫುಟ್‌ಬಾಲ್‌ನಲ್ಲಿ 2021ರಲ್ಲಿ ಪ್ರಯೋಗವಾಗಿ ಶುರುವಾಗಿ, 2024-25ರ ಹೊತ್ತಿಗೆ ನಿಯಮಪುಸ್ತಕ ಸೇರಿತು. ಆದರೆ ನಿಯಮ ಇದ್ದರೆ ಸಾಲದು, ಬದಲಿಗೆ ನಿಲ್ಲಲು ಒಬ್ಬ ಇರಬೇಕಲ್ಲ. ನಮ್ಮ ಊರುಗಳ ತಂಡಗಳಲ್ಲಿ ಎರಡನೇ ಕೀಪರ್ ಎಂದರೆ ಯಾರಿಗೂ ಬೇಡದ ಜಾಗ. ಬೆಂಚಿನಲ್ಲಿ ಕೂರಲು ಅಷ್ಟು ದೂರ ಹೋಗಬೇಕಾ ಎಂದು ಮನೆಯವರೇ ಕೇಳುತ್ತಾರೆ.

ಮೇಷ್ಟ್ರು ಇಬ್ಬರು ಕೀಪರ್‌ಗಳನ್ನೂ ಸಮನಾಗಿ ತಯಾರು ಮಾಡುತ್ತಾರೆ. ಒಬ್ಬ ಗೋಲಿನಲ್ಲಿದ್ದರೆ ಇನ್ನೊಬ್ಬ ಗ್ಲೌಸ್ ಹಾಕಿಕೊಂಡೇ ಗೆರೆಯ ಹೊರಗೆ ನಿಂತಿರಬೇಕು. ಹೊರ ಊರಿನ ಟೂರ್ನಮೆಂಟಿಗೆ ಹೊರಟಾಗ ಎರಡನೆಯವನ ಬಸ್ ಚಾರ್ಜು ತಮ್ಮ ಪಿಂಚಣಿಯಿಂದಲೇ ಕೊಡುತ್ತಾರೆ.