ಅಲ್ಪ ವೆಚ್ಚದಲ್ಲಿ ಟ್ರಕ್ಕಿಗೊಂದು ಹೊಸ ಕಂಠ

1925ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಎರಡು ವಸ್ತುಗಳು ಬೆಳಕು ಕಂಡವು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಫೋರ್ಡ್ ಕಂಪೆನಿಯವರು ತಮ್ಮ ಸುಪ್ರಸಿದ್ಧ 'ಮಾಡೆಲ್ ಟಿ' ಕಾರಿನ ಹಿಂಬದಿಗೆ ಸಾಮಾನು ಹೇರುವ ತೆರೆದ ಪೆಟ್ಟಿಗೆಯೊಂದನ್ನು ಕಾರ್ಖಾನೆಯಲ್ಲಿಯೇ ಜೋಡಿಸಿ, 281 ಡಾಲರಿನ ಬೆಲೆಗೆ ಮಾರಾಟಕ್ಕಿಟ್ಟರು. ಅಲ್ಲಿಯವರೆಗೆ ರೈತರೂ ಬಡಗಿಗಳೂ ತಮ್ಮ ಕಾರುಗಳಿಗೆ ತಾವೇ ಹಲಗೆ ಬಡಿದು ಮಾಡಿಕೊಳ್ಳುತ್ತಿದ್ದ ವಾಹನವು ಅಂದಿನಿಂದ 'ಪಿಕಪ್' ಎಂಬ ಹೆಸರಿನಲ್ಲಿ ಅಂಗಡಿಗೆ ಬಂದಿತು. ಅದೇ ವರ್ಷ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು, ಕಹಳೆಯ ನೆರವಿಲ್ಲದೆ ಕಾಗದದ ಶಂಕುವಿನಿಂದಲೇ ನೇರವಾಗಿ ನಾದ ಹೊರಡಿಸುವ ಧ್ವನಿವರ್ಧಕದ ವಿವರಗಳನ್ನು ಪ್ರಕಟಿಸಿದರು. ಮರುವರ್ಷವೇ ಅದು 'ರೇಡಿಯೋಲಾ 104' ಎಂಬ ಹೆಸರಿನಿಂದ ಪೇಟೆಗೆ ಬಂದಿತು. ಅದರ ಬೆಲೆ 250 ಡಾಲರು! ಇನ್ನು ಮೂವತ್ತೊಂದು ಡಾಲರು ಕೂಡಿಸಿದರೆ ಒಂದು ಹೊಸ ಪಿಕಪ್ ಟ್ರಕ್ಕೇ ಮನೆಯ ಮುಂದೆ ನಿಲ್ಲುತ್ತಿತ್ತು.

ಇಂದು ಪರಿಸ್ಥಿತಿ ಪೂರ್ತಿ ತಿರುವುಮುರುವಾಗಿದೆ. ಟ್ರಕ್ಕಿನ ಬೆಲೆ ಹತ್ತಾರು ಸಾವಿರ ಡಾಲರುಗಳಿಗೆ ಏರಿದೆ; ಅದರ ಬಾಗಿಲಿನೊಳಗೆ ಅಡಗಿ ಕುಳಿತಿರುವ ಧ್ವನಿವರ್ಧಕವಾದರೋ ಇಡೀ ವಾಹನದಲ್ಲಿ ಅತ್ಯಂತ ಅಗ್ಗದ ಸರಕುಗಳಲ್ಲೊಂದಾಗಿದೆ. ಸಾಲ ತೀರಿಸುತ್ತ ಟ್ರಕ್ಕು ಓಡಿಸುವ ಒಬ್ಬ ಸಾಮಾನ್ಯ ಗೃಹಸ್ಥನು ಆ ಕಾಗದದ ಕಂಠವನ್ನು ಸಹಿಸಿಕೊಂಡಿರಬೇಕೆ, ಅಥವಾ ಕೈಗೆಟಕುವ ಹಣದಲ್ಲಿ ಅದನ್ನು ಸುಧಾರಿಸಬಹುದೆ ಎಂಬುದು ಅಮೆರಿಕದ ಎಷ್ಟೋ ಮನೆಗಳ ಗ್ಯಾರೇಜುಗಳಲ್ಲಿ ಚರ್ಚೆಯಾಗುವ ಪ್ರಶ್ನೆ. ಇದನ್ನು ಕೇವಲ ಶೋಕಿಯೆಂದು ತಳ್ಳಿಹಾಕುವಂತಿಲ್ಲ. ಆ ದೇಶದಲ್ಲಿ ಫೋರ್ಡ್ ಕಂಪೆನಿಯ 'ಎಫ್' ಶ್ರೇಣಿಯ ಪಿಕಪ್ಪುಗಳು 1948ರಲ್ಲಿ ಹುಟ್ಟಿ, 1977ರಿಂದ ನಾಲ್ಕು ದಶಕಗಳಿಗೂ ಮೀರಿ ಮಾರಾಟದಲ್ಲಿ ಉಳಿದ ಪಿಕಪ್ಪುಗಳನ್ನೆಲ್ಲ ಹಿಂದೆ ಹಾಕುತ್ತ ಬಂದಿವೆ. ಹೊಲಕ್ಕೂ ಕೆಲಸಕ್ಕೂ ಮಕ್ಕಳ ಶಾಲೆಗೂ ಅದೇ ವಾಹನ. ದಿನಕ್ಕೆ ಎರಡು ಮೂರು ಗಂಟೆಗಳ ಕಾಲ ಅದರೊಳಗೆ ಕುಳಿತಿರುವವನ ಕಿವಿಗೆ ಏನು ಬೀಳುತ್ತದೆಂಬುದು ಅವನ ಆರೋಗ್ಯಕ್ಕೂ ಸಂಬಂಧಿಸಿದ ವಿಷಯ.

ಕಾರ್ಖಾನೆಯ ಲೆಕ್ಕಾಚಾರ

ವಾಹನಕ್ಕೆ ರೇಡಿಯೋ ಬಂದ ಕಥೆಯೂ ಸ್ವಾರಸ್ಯಕರವಾಗಿದೆ. 1930ರಲ್ಲಿ ಷಿಕಾಗೋ ನಗರದ ಪಾಲ್ ಗ್ಯಾಲ್ವಿನ್ ಎಂಬಾತನ ಸಂಸ್ಥೆಯು ಕಾರಿಗೆ ಜೋಡಿಸಬಹುದಾದ ರೇಡಿಯೋವೊಂದನ್ನು ಸಿದ್ಧಪಡಿಸಿ 'ಮೋಟೊರೋಲಾ' ಎಂದು ಹೆಸರಿಟ್ಟಿತು. ಜೋಡಣೆಯೂ ಸೇರಿ ಅದರ ಬೆಲೆ 110ರಿಂದ 130 ಡಾಲರುಗಳಷ್ಟಿತ್ತು. ಟ್ರಕ್ಕುಗಳಿಗಂತೂ ಬಹುಕಾಲ ರೇಡಿಯೋ ಒಂದು ಭೋಗವಸ್ತುವೇ ಆಗಿತ್ತು. ಇದ್ದರೂ ಚಾಲಕನ ಮುಂದಿನ ಹಲಗೆಯ ನಡುವೆ ಒಂದೇ ಒಂದು ಧ್ವನಿವರ್ಧಕ. ಸುದ್ದಿ ಮತ್ತು ಹವಾ ವರ್ತಮಾನ ಕೇಳಿಸಿದರೆ ಸಾಕು ಎಂಬ ಭಾವನೆ.

ಕಾಲ ಬದಲಾಯಿತು, ಧ್ವನಿವರ್ಧಕಗಳು ಬಾಗಿಲುಗಳಿಗೆ ಇಳಿದವು. ಆದರೆ ತಯಾರಕರ ಲೆಕ್ಕಾಚಾರ ಬದಲಾಗಲಿಲ್ಲ. ಲಕ್ಷಗಟ್ಟಲೆ ವಾಹನಗಳನ್ನು ತಯಾರಿಸುವವನು ಒಂದೊಂದು ಬಾಗಿಲಿನಲ್ಲಿ ಒಂದೊಂದು ಡಾಲರು ಉಳಿಸಿದರೂ ಅದು ಭಾರಿ ಮೊತ್ತವಾಗುತ್ತದೆ. ಕೊಳ್ಳುವವನೂ ಎಂಜಿನ್ನಿನ ಶಕ್ತಿಯನ್ನು ವಿಚಾರಿಸುತ್ತಾನೆಯೇ ಹೊರತು ಧ್ವನಿವರ್ಧಕದ ಅಯಸ್ಕಾಂತವನ್ನು ವಿಚಾರಿಸುವುದಿಲ್ಲ. ಆದುದರಿಂದ ಅಗ್ಗದ ಮಾದರಿಗಳಿಗೆ ದೊರೆಯುವುದು ತೆಳುವಾದ ಕಾಗದದ ಶಂಕು, ಪುಟ್ಟ ಅಯಸ್ಕಾಂತ, ಪ್ಲಾಸ್ಟಿಕ್ಕಿನ ಚೌಕಟ್ಟು. ಬೇಸಗೆಯ ಬಿಸಿಲು, ಚಳಿಗಾಲದ ಹಿಮ, ಕಿಟಕಿಯ ಗಾಜಿನ ಸಂದಿನಿಂದ ಇಳಿಯುವ ಮಳೆಯ ನೀರು ಇವೆಲ್ಲವನ್ನೂ ಆ ಬಡ ಕಾಗದವು ಸಹಿಸಬೇಕು. ಶಂಕುವಿನ ಅಂಚಿನ ಸುತ್ತ ನೊರೆರಬ್ಬರಿನ ಪಟ್ಟಿಯಿದ್ದರೆ ಕಾಲಾಂತರದಲ್ಲಿ ಅದು ಪುಡಿಪುಡಿಯಾಗಿ ಉದುರುವುದೂ ಉಂಟು.

ವೀಣೆಯ ಬುರುಡೆ, ಟ್ರಕ್ಕಿನ ಬಾಗಿಲು

ಧ್ವನಿವರ್ಧಕ ಕೆಲಸ ಮಾಡುವ ರೀತಿ ಬಲು ಸರಳ. ಅಯಸ್ಕಾಂತದ ನಡುವೆ ತಂತಿಯ ಸಣ್ಣ ಸುರುಳಿಯೊಂದು ತೂಗುತ್ತಿರುತ್ತದೆ. ರೇಡಿಯೋದಿಂದ ಬರುವ ವಿದ್ಯುತ್ತು ಹಿಂದುಮುಂದಾಗಿ ಹರಿದಂತೆಲ್ಲ ಸುರುಳಿಯೂ ಹಿಂದುಮುಂದಾಗಿ ಆಡುತ್ತದೆ. ಅದಕ್ಕೆ ಅಂಟಿಕೊಂಡ ಶಂಕು ಗಾಳಿಯನ್ನು ತಳ್ಳಿ ಸೆಳೆದು ನಾದ ಹುಟ್ಟಿಸುತ್ತದೆ. ಮಂದ್ರಸ್ಥಾಯಿಯ ಸ್ವರಗಳಿಗೆ ಹೆಚ್ಚು ಗಾಳಿಯನ್ನು ಅಲುಗಿಸಬೇಕಾದುದರಿಂದ ದೊಡ್ಡ ಶಂಕು ಬೇಕು. ತಾರಸ್ಥಾಯಿಯ ಸ್ವರಗಳಿಗೆ ಅತಿ ವೇಗವಾಗಿ ಕಂಪಿಸಬೇಕಾದುದರಿಂದ ಹಗುರವಾದ ಪುಟ್ಟ ಗುಮ್ಮಟ ಬೇಕು. ಒಂದೇ ಕಾಗದದಿಂದ ಎರಡು ಕೆಲಸವನ್ನೂ ಮಾಡಿಸಹೊರಟರೆ ಎರಡೂ ಅರೆಬರೆಯಾಗುವುದು ಸಹಜ.

ಇನ್ನೊಂದು ರಹಸ್ಯವಿದೆ. ಶಂಕು ಮುಂದಕ್ಕೆ ಗಾಳಿಯನ್ನು ತಳ್ಳುವಾಗಲೇ ಹಿಂದುಗಡೆ ಗಾಳಿಯನ್ನು ಸೆಳೆಯುತ್ತಿರುತ್ತದೆ. ಮುಂದಣ ಅಲೆಯೂ ಹಿಂದಣ ಅಲೆಯೂ ಒಂದಕ್ಕೊಂದು ಕೂಡಿದರೆ ಮಂದ್ರಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ವೀಣೆಯ ತಂತಿಗೆ ಕೊಡವೂ ಬುರುಡೆಯೂ ಎಷ್ಟು ಮುಖ್ಯವೋ, ಧ್ವನಿವರ್ಧಕಕ್ಕೆ ಅದನ್ನು ಕೂರಿಸಿದ ಬಾಗಿಲೂ ಅಷ್ಟೇ ಮುಖ್ಯ. ಆದರೆ ಟ್ರಕ್ಕಿನ ಬಾಗಿಲು ಒಳಗೆಲ್ಲ ರಂಧ್ರಗಳಿರುವ ತೆಳು ತಗಡು. ಇದನ್ನರಿಯದೆ ಬೆಲೆಬಾಳುವ ಧ್ವನಿವರ್ಧಕವನ್ನು ತಂದು ಸಡಿಲವಾಗಿ ತಿರುಪು ಬಿಗಿದವನು, "ಹಳೆಯದೇ ವಾಸಿಯಾಗಿತ್ತು!" ಎಂದು ನಿಟ್ಟುಸಿರು ಬಿಡುವುದು ಆಶ್ಚರ್ಯವಲ್ಲ.

ಮೊದಲು ಪರೀಕ್ಷೆ, ಅನಂತರ ಪೇಟೆ

ಹಣದ ಚೀಲವನ್ನು ಬಿಚ್ಚುವ ಮುನ್ನ ಕಾಸಿನ ಖರ್ಚಿಲ್ಲದ ಕೆಲವು ಪರೀಕ್ಷೆಗಳಿವೆ. ರೇಡಿಯೋದ ಗುಂಡಿಗಳಿಂದ ಧ್ವನಿಯನ್ನು ಎಡಕ್ಕೂ ಬಲಕ್ಕೂ ಮುಂದಕ್ಕೂ ಹಿಂದಕ್ಕೂ ಸರಿಸುತ್ತ ಒಂದೊಂದೇ ಧ್ವನಿವರ್ಧಕವನ್ನು ಆಲಿಸಬೇಕು. ಒಂದರಲ್ಲಿ ಮಾತ್ರ ಕರ್ಕಶ ಶಬ್ದ ಬರುತ್ತಿದ್ದರೆ ರೋಗ ಅಲ್ಲಿದೆ; ಎಲ್ಲದರಲ್ಲಿಯೂ ಬರುತ್ತಿದ್ದರೆ ದೋಷ ರೇಡಿಯೋದಲ್ಲಿಯೇ ಇರಬಹುದು. ಧ್ವನಿ ಬಿಟ್ಟು ಬಿಟ್ಟು ಬಂದರೆ ತಂತಿ ಸಡಿಲವಾಗಿರುವ ಸಂಭವ ಹೆಚ್ಚು. ಎಷ್ಟೋ ವೇಳೆ ಗುರುಗುಟ್ಟುವುದು ಶಂಕುವಲ್ಲ, ಬಾಗಿಲಿನ ಒಳಹೊದಿಕೆಯ ಮುರಿದ ಕ್ಲಿಪ್ಪು. ಅಂಗೈಯಿಂದ ಹೊದಿಕೆಯನ್ನು ಒತ್ತಿ ಹಿಡಿದಾಗ ಶಬ್ದ ನಿಂತಿತೆಂದರೆ, ಕೆಲವು ಕಾಸಿನ ಕ್ಲಿಪ್ಪಿನಿಂದಲೇ ಕೆಲಸ ಮುಗಿಯಿತು.

ಶಂಕುವೇ ಹರಿದಿದ್ದರೆ ಅಥವಾ ಸುರುಳಿ ಉಜ್ಜುತ್ತಿದ್ದರೆ ಹೊಸದನ್ನು ಕೊಳ್ಳದೆ ವಿಧಿಯಿಲ್ಲ. ಆಗ ಗಮನಿಸಬೇಕಾದ ಮೊದಲ ಸಂಗತಿ ಅಳತೆ. 1990ರ ದಶಕದ ಹಲವು ಫೋರ್ಡ್ ಟ್ರಕ್ಕುಗಳ ಬಾಗಿಲುಗಳಲ್ಲಿ 6 ಅಂಗುಲ ಅಗಲ, 8 ಅಂಗುಲ ಉದ್ದದ ಅಂಡಾಕಾರದ ಧ್ವನಿವರ್ಧಕಗಳಿದ್ದರೆ, ಬೇರೆ ಅನೇಕ ವಾಹನಗಳಲ್ಲಿ ಆರೂವರೆ ಅಂಗುಲದ ದುಂಡು ಮಾದರಿಗಳಿವೆ. ಅಗಲಕ್ಕಿಂತಲೂ ಆಳವನ್ನು ಮರೆಯುವವರೇ ಹೆಚ್ಚು. ಅಯಸ್ಕಾಂತ ದಪ್ಪನಾಗಿದ್ದರೆ ಕಿಟಕಿಯ ಗಾಜು ಕೆಳಗಿಳಿಯುವಾಗ ಅದಕ್ಕೆ ತಗಲಿ ನಿಂತುಬಿಡುತ್ತದೆ.

ಎರಡನೆಯದು ವಿದ್ಯುತ್ ರೋಧ. ವಾಹನಗಳ ಧ್ವನಿವರ್ಧಕಗಳು ಸಾಮಾನ್ಯವಾಗಿ 4 ಓಮ್‌ಗಳವು. ಆದರೂ ಹಳೆಯದರ ಬೆನ್ನಿನ ಮೇಲಿನ ಅಂಕಿಯನ್ನು ನೋಡಿಯೇ ಹೊಸದನ್ನು ಆರಿಸಬೇಕು. ಅಗತ್ಯಕ್ಕಿಂತ ಕಡಿಮೆ ರೋಧದ ಧ್ವನಿವರ್ಧಕವು ರೇಡಿಯೋದಿಂದ ಹೆಚ್ಚು ವಿದ್ಯುತ್ತನ್ನು ಸೆಳೆದು ಅದನ್ನು ಕಾಯಿಸಿ ಕೆಡಿಸಬಹುದು.

ವಾಟ್ ಎಂಬ ಮಾಯಾಮೃಗ

ಅಂಗಡಿಯ ರಟ್ಟಿನ ಡಬ್ಬಿಯ ಮೇಲೆ '300 ವಾಟ್' ಎಂದು ಕೆಂಪಕ್ಷರಗಳಲ್ಲಿ ಮುದ್ರಿಸಿರುವುದನ್ನು ಕಂಡು ಮರುಳಾಗದವರು ವಿರಳ. ಅದು ಕ್ಷಣಮಾತ್ರ ತಾಳಿಕೊಳ್ಳಬಹುದಾದ ಗರಿಷ್ಠ ಶಕ್ತಿಯೇ ಹೊರತು ನಿತ್ಯ ಬಳಕೆಯ ಮಾತಲ್ಲ. ರೇಡಿಯೋದ ಮೇಲೆ 'ನಾಲ್ಕು ದಾರಿ, ಒಂದೊಂದಕ್ಕೂ 50 ವಾಟ್' ಎಂದಿದ್ದರೆ ಅದೂ ಅಂಥದೇ. ಶಾಲೆಯ ಗಣಿತದಿಂದಲೇ ಇದನ್ನು ತಾಳೆ ನೋಡಬಹುದು. ಎಂಜಿನ್ ಓಡುತ್ತಿರುವಾಗ ವಾಹನದ ವಿದ್ಯುತ್ ಒತ್ತಡ ಸುಮಾರು 14.4 ವೋಲ್ಟ್. ಅದರ ವರ್ಗ ಸುಮಾರು 207. ಅಲೆಯಾಕಾರದ ಶುದ್ಧ ಸ್ವರಕ್ಕೆ ಈ ಸಂಖ್ಯೆಯನ್ನು ರೋಧದ ಎರಡರಷ್ಟರಿಂದ, ಎಂದರೆ ಎಂಟರಿಂದ, ಭಾಗಿಸಬೇಕು. ಬರುವುದು 26 ವಾಟಿಗೂ ಕಡಿಮೆ. ಒಳಗಿನ ನಷ್ಟವನ್ನು ಕಳೆದರೆ ಸಾಮಾನ್ಯ ರೇಡಿಯೋದಿಂದ ಸಿಗುವ ಶುದ್ಧ ಶಕ್ತಿ 20 ವಾಟಿನ ಆಸುಪಾಸು. ರೇಡಿಯೋಲಾ 104ರೊಳಗಿನ ವರ್ಧಕದ ಶಕ್ತಿ ಒಂದೇ ಒಂದು ವಾಟಾಗಿತ್ತೆಂಬುದನ್ನು ನೆನೆದರೆ ಇದೇನೂ ಕಡಿಮೆಯಲ್ಲ.

ಬಡವನ ಜೇಬಿಗೆ ನಿಜವಾಗಿ ಉಪಕರಿಸುವ ಅಂಕಿ ಬೇರೆಯಿದೆ. ಅದು ಧ್ವನಿವರ್ಧಕದ ಸಂವೇದನೆ, ಎಂದರೆ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ನಾದ ಕೇಳಿಸುತ್ತದೆ ಎಂಬ ಅಳತೆ. ಇದು ಮೂರು ಡೆಸಿಬಲ್ ಹೆಚ್ಚಿದ್ದರೆ ಅದೇ ಗಾತ್ರದ ನಾದಕ್ಕೆ ಅರ್ಧದಷ್ಟು ಶಕ್ತಿ ಸಾಕು. 86 ಡೆಸಿಬಲ್ಲಿನ ಧ್ವನಿವರ್ಧಕಕ್ಕೆ 20 ವಾಟ್ ಬೇಕಾದೆಡೆಯಲ್ಲಿ 92 ಡೆಸಿಬಲ್ಲಿನದಕ್ಕೆ ಐದೇ ವಾಟ್ ಸಾಕಾಗುತ್ತದೆ. ಬೇರೆ ವರ್ಧಕವನ್ನು ಕೊಳ್ಳಲಾರದವನು ಈ ಅಂಕಿಯನ್ನು ನೋಡಿ ಕೊಂಡರೆ ವರ್ಧಕದ ಬೆಲೆಯೇ ಉಳಿಯುತ್ತದೆ.

ದೊಡ್ಡ ಶಂಕುವಿನ ನಡುವೆಯೇ ಪುಟ್ಟ ಗುಮ್ಮಟವನ್ನು ಕೂರಿಸಿದ ಏಕಾಕ್ಷ ಮಾದರಿಗಳ ಜೋಡಿಯೊಂದು ಅಮೆರಿಕದಲ್ಲಿ 100 ಡಾಲರಿನೊಳಗೇ ಸಿಗುತ್ತದೆ. ಎರಡನ್ನೂ ಬೇರೆಬೇರೆ ಸ್ಥಳಗಳಲ್ಲಿ ಕೂರಿಸುವ ಮಾದರಿಗಳು ಇನ್ನೂ ಸೊಗಸಾದುವು, ಆದರೆ ಬೆಲೆಯೂ ಶ್ರಮವೂ ಹೆಚ್ಚು. ಹಣ ಅಳತೆಯದಾಗಿದ್ದರೆ ಮುಂಬಾಗಿಲುಗಳಿಗೆ ಮೊದಲ ಪ್ರಾಶಸ್ತ್ಯ. ಚಾಲಕನೂ ಮನೆಯಾಕೆಯೂ ಕುಳಿತುಕೊಳ್ಳುವುದು ಅಲ್ಲಿ. ಹಿಂದಿನ ಧ್ವನಿವರ್ಧಕಗಳು ಮುಂದಿನ ವರ್ಷದ ಸಂಬಳದ ಹೆಚ್ಚಳಕ್ಕೆ ಕಾದರೂ ನಷ್ಟವಿಲ್ಲ.

ಒಂದು ಭಾನುವಾರದ ಕೆಲಸ

ಜೋಡಣೆಯನ್ನು ಆರಂಭಿಸುವ ಮುನ್ನ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚುವುದು ಕ್ಷೇಮ. ಬಾಗಿಲಿನ ಹೊದಿಕೆಯನ್ನು ಕಬ್ಬಿಣದ ಉಳಿಯಿಂದ ಮೀಟದೆ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಮೆಲ್ಲನೆ ಬಿಡಿಸಬೇಕು. ಕಾರ್ಖಾನೆಯ ತಂತಿಗಳನ್ನು ಕತ್ತರಿಸಕೂಡದು. ಹಳೆಯ ಕೊಂಡಿಗೂ ಹೊಸ ಧ್ವನಿವರ್ಧಕಕ್ಕೂ ಸೇತುವೆಯಾಗುವ ತಂತಿಯ ತುಣುಕುಗಳು ಕೆಲವೇ ಡಾಲರುಗಳಿಗೆ ದೊರೆಯುತ್ತವೆ. ರಂಧ್ರಕ್ಕೂ ಧ್ವನಿವರ್ಧಕಕ್ಕೂ ಅಳತೆ ಹೊಂದದಿದ್ದರೆ ನಡುವೆ ಒಂದು ಉಂಗುರವನ್ನು ಇಟ್ಟು, ಸುತ್ತಲೂ ನೊರೆರಬ್ಬರಿನ ಪಟ್ಟಿ ಅಂಟಿಸಿ, ಗಾಳಿ ನುಸುಳದಂತೆ ಬಿಗಿಯಬೇಕು. ಬಾಗಿಲಿನ ಹೊರತಗಡಿನ ಒಳಮೈಗೆ ಅಲ್ಲಲ್ಲಿ ಕಂಪನ ನಿರೋಧಕ ಹಾಳೆಯ ತುಂಡುಗಳನ್ನು ಅಂಟಿಸಿದರೆ ತಗಡಿನ ಗಡಗಡ ಶಬ್ದ ಅಡಗುತ್ತದೆ. ಮಳೆನೀರನ್ನು ತಡೆಯುವ ಪ್ಲಾಸ್ಟಿಕ್ಕಿನ ಹಾಳೆಯನ್ನು ಮಾತ್ರ ಮರಳಿ ಅದರ ಸ್ಥಾನದಲ್ಲಿ ಅಂಟಿಸಲು ಮರೆಯಬಾರದು; ಬಾಗಿಲಿನ ತಳದ ನೀರಿನ ಕಿಂಡಿಗಳನ್ನು ಮುಚ್ಚಲೂಬಾರದು.

ಎಡಬಲಗಳ ಧ್ವನಿವರ್ಧಕಗಳಿಗೆ ಧನ ಋಣ ತಂತಿಗಳನ್ನು ಒಂದೇ ರೀತಿ ಜೋಡಿಸಬೇಕು. ಒಂದು ತಿರುವುಮುರುವಾದರೆ ಒಂದು ಶಂಕು ಮುಂದಕ್ಕೆ ಬಂದಾಗ ಇನ್ನೊಂದು ಹಿಂದಕ್ಕೆ ಸರಿದು ಮಂದ್ರಸ್ವರಗಳು ಮಾಯವಾಗುತ್ತವೆ. ಗುರುತು ಅಳಿಸಿಹೋಗಿದ್ದರೆ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ ಸಾಕು. ಅದನ್ನು ಕ್ಷಣಕಾಲ ಮುಟ್ಟಿಸಿದಾಗ ಶಂಕು ಮುಂದಕ್ಕೆ ನೆಗೆದರೆ ಸೆಲ್ಲಿನ ಧನ ತುದಿ ತಗಲಿದ ಕಡೆಯೇ ಧ್ವನಿವರ್ಧಕದ ಧನ ಕೊನೆ. ಮನೆಯ ಮಕ್ಕಳಿಗೆ ಹಳೆಯ ರೇಡಿಯೋದ ಧ್ವನಿವರ್ಧಕವೊಂದರಿಂದ ಈ ಪ್ರಯೋಗವನ್ನು ತೋರಿಸಿದರೆ ಅವರ ಆನಂದಕ್ಕೆ ಪಾರವಿರದು.

ಇಲ್ಲೊಂದು ಎಚ್ಚರಿಕೆ ಅವಶ್ಯಕ. ಈಚಿನ ಕೆಲವು ವಾಹನಗಳಲ್ಲಿ ಪಕ್ಕದಿಂದ ಬೀಳುವ ಹೊಡೆತವನ್ನು ಅರಿತು ಗಾಳಿಚೀಲವನ್ನು ಅರಳಿಸುವ ಒತ್ತಡಸೂಚಕವು ಬಾಗಿಲಿನೊಳಗೇ ಇರುತ್ತದೆ. ಅಂಥ ಬಾಗಿಲಿಗೆ ಹೊಸ ರಂಧ್ರ ಕೊರೆದರೆ ಆ ಸೂಚಕದ ಕೆಲಸ ಏರುಪೇರಾಗಬಹುದು. ವಾಹನದ ಕೈಪಿಡಿಯನ್ನು ಓದದೆ ಬಾಗಿಲಿಗೆ ಕೈಹಾಕುವುದು ಸಂಗೀತಕ್ಕಾಗಿ ಪ್ರಾಣವನ್ನು ಒತ್ತೆಯಿಟ್ಟಂತೆ.

ಕಿವಿಗೆ ಬದಲಿ ಬಿಡಿಭಾಗವಿಲ್ಲ

ಇಷ್ಟಾದರೂ ಎದೆ ನಡುಗಿಸುವ ಮಂದ್ರನಾದವನ್ನು ಬಾಗಿಲಿನ ಧ್ವನಿವರ್ಧಕದಿಂದ ನಿರೀಕ್ಷಿಸುವಂತಿಲ್ಲ. ಅದಕ್ಕೆ ಪ್ರತ್ಯೇಕ ಪೆಟ್ಟಿಗೆಯೂ ವರ್ಧಕವೂ ಬೇಕು; ಪಿಕಪ್ಪಿನಲ್ಲಿ ಹಿಂಬದಿಯ ಆಸನದ ಕೆಳಗಣ ಕಿರಿದಾದ ಜಾಗವೇ ಅದಕ್ಕೆ ಗತಿ. ಅದಿಲ್ಲದೆಯೂ ಹಾಡಿನ ಮಾತು ಸ್ಪಷ್ಟವಾಗಿ, ತಂತಿವಾದ್ಯ ತಂತಿವಾದ್ಯದಂತೆಯೇ ಕೇಳುವುದೆಂದರೆ ಸಾಮಾನ್ಯ ಲಾಭವಲ್ಲ.

ಅದಕ್ಕಿಂತಲೂ ದೊಡ್ಡ ಲಾಭ ಬೇರೊಂದಿದೆ. ಧ್ವನಿ ಅಸ್ಪಷ್ಟವಾದಾಗ ಮನುಷ್ಯನು ಮಾಡುವ ಮೊದಲ ಕೆಲಸವೆಂದರೆ ಗುಂಡಿಯನ್ನು ತಿರುಗಿಸಿ ಶಬ್ದವನ್ನು ಏರಿಸುವುದು. ಹಳೆಯ ಟ್ರಕ್ಕಿನಲ್ಲಿ ಟೈರಿನ ಮೊರೆತ, ಗಾಳಿಯ ಸದ್ದು, ಎಂಜಿನ್ನಿನ ಗರ್ಜನೆ ಇವುಗಳೊಡನೆ ಸ್ಪರ್ಧಿಸಹೊರಟ ರೇಡಿಯೋ ಕಿವಿಯನ್ನೇ ಕೊರೆಯತೊಡಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು ಸೂಚಿಸಿರುವ ಮಿತಿಯಂತೆ 85 ಡೆಸಿಬಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆಗಳಿಗಿಂತ ಹೆಚ್ಚಾಗಿ ಕೇಳಬಾರದು. ಪ್ರತಿ ಮೂರು ಡೆಸಿಬಲ್ಲಿಗೂ ಈ ಅವಧಿ ಅರ್ಧವಾಗುತ್ತ, 94 ಡೆಸಿಬಲ್ಲಿಗೆ ಒಂದೇ ಗಂಟೆಗೆ ಇಳಿಯುತ್ತದೆ. ಅತಿಯಾದ ಶಬ್ದದಿಂದ ಒಳಗಿವಿಯ ಸೂಕ್ಷ್ಮ ಕೋಶಗಳು ನಾಶವಾದರೆ ಅವು ಮತ್ತೆ ಬೆಳೆಯುವುದಿಲ್ಲ. ಹಿಂದಿನಿಂದ ಬರುವ ಆಂಬುಲೆನ್ಸಿನ ಕೂಗು ಕೇಳಿಸದಷ್ಟು ಶಬ್ದವಂತೂ ತನಗೂ ಅಪಾಯ, ಪರರಿಗೂ ಅಪಾಯ.

ಸುಭದ್ರವಾಗಿ ಮುಚ್ಚಿದ ಬಾಗಿಲು, ಸ್ವಚ್ಛವಾದ ಕಂಠ ಇವೆರಡೂ ಕೂಡಿದಾಗ ಕಡಿಮೆ ಶಬ್ದದಲ್ಲಿಯೇ ಎಲ್ಲವೂ ಕೇಳಿಸುತ್ತದೆ. ಪಕ್ಕದಲ್ಲಿ ಕುಳಿತವರೊಡನೆ ಕೂಗಾಡದೆ ಮಾತನಾಡಬಹುದು. ಹೊಸ ಧ್ವನಿವರ್ಧಕವನ್ನು ಜೋಡಿಸಿದವನು ಕೆಲವು ದಿನಗಳಲ್ಲಿ ಗುಂಡಿಯನ್ನು ಮೊದಲಿಗಿಂತ ಒಂದೆರಡು ಮನೆ ಕೆಳಗೆ ಇಳಿಸಿದ್ದರೆ, ಅವನು ಕೊಟ್ಟ ಹಣ ಸಾರ್ಥಕವಾಯಿತೆಂದು ನಿಸ್ಸಂದೇಹವಾಗಿ ಹೇಳಬಹುದು.