ಕೋಳಿ ಬಾಯಿ ತೆರೆದು ತೇಕಿದರೆ

ಸವಣೂರು ತಾಲೂಕಿನ ನಮ್ಮ ಯಲವಿಗಿಯಲ್ಲಿ ಏಪ್ರಿಲ್ ಬಂತೆಂದರೆ ತಗಡು ಮುಟ್ಟುವ ಹಾಗಿರುವುದಿಲ್ಲ. ಹೋದ ಬೇಸಿಗೆಯಲ್ಲಿ ಒಂದೇ ಮಧ್ಯಾಹ್ನ ನನ್ನ ಆರು ಜವಾರಿ ಕೋಳಿ ಸತ್ತವು. ರೋಗವಲ್ಲ, ಗೂಡಿನ ಕಾವು. ತಪ್ಪು ನನ್ನದೇ. ನಾಯಿ ಕಾಟಕ್ಕೆ ಹೆದರಿ ತಗಡಿನ ಗೂಡಿಗೆ ಸುತ್ತಲೂ ಗೋಣಿತಟ್ಟು ಕಟ್ಟಿ, ತಂಪಿರಲಿ ಅಂತ ಒಳಗೆ ನೀರು ಚಿಮುಕಿಸಿ ಹೊಲಕ್ಕೆ ಹೋಗಿದ್ದೆ.

ಕೋಳಿ ಬೆವರುವುದಿಲ್ಲ. ಅದರ ಮೈಕಾವೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಬಿಸಿ ಹೆಚ್ಚಾದರೆ ಬಾಯಿ ತೆರೆದು ತೇಕುತ್ತದೆ. ಬಾಯಿ, ಗಂಟಲಿನ ತೇವ ಆರಿದಂತೆ ಮೈ ತಂಪಾಗುತ್ತದೆ. ಗಾಳಿಯಾಡದ ಗೂಡಿಗೆ ನೀರು ಚಿಮುಕಿಸಿದರೆ ಒಳಗೆಲ್ಲ ಹಬೆ, ಆ ತೇವ ಆರುವುದೇ ಇಲ್ಲ. ತಂಪು ಮಾಡಲು ಹೋಗಿ ಬೇಯಿಸಿದ ಹಾಗಾಯ್ತು!

ಈಗ ಗೂಡು ಬೇವಿನ ಮರದಡಿ ಇದೆ. ಎರಡು ಬದಿಗೆ ಬರೀ ಗಟ್ಟಿ ತಂತಿ ಜಾಳಿಗೆ; ಗಾಳಿಗೆ ದಾರಿ, ನಾಯಿಗೆ ತಡೆ. ತಗಡಿನ ಮೇಲೆ ಜೋಳದ ಕಣಿಕೆ ದಪ್ಪಗೆ ಹೊದಿಸಿದ್ದೇನೆ. ನೀರು ಹಾಕುವುದಿದ್ದರೆ ಅದರ ಮೇಲೆ ಮಾತ್ರ. ಕುಡಿಯುವ ನೀರು ಮಣ್ಣಿನ ಪಾತ್ರೆಯಲ್ಲಿ, ನೆರಳಲ್ಲಿ. ದಿನಕ್ಕೆ ಮೂರು ಸಲ ಬದಲಿಸುತ್ತೇವೆ. ಕಾಳು ಬಿಸಿಲೇರುವ ಮುಂಚೆ ಮತ್ತು ಹೊತ್ತಿಳಿದ ಮೇಲೆ. ಯಾಕೆಂದರೆ ತಿಂದದ್ದು ಕರಗುವಾಗಲೂ ಮೈ ಕಾಯುತ್ತದೆ. ತೇಕಿ ತೇಕಿ ದಣಿದ ಕೋಳಿಯ ತತ್ತಿಗೆ ಸಿಪ್ಪೆ ತೆಳು. ಇದನ್ನು ನಮ್ಮ ಮನೆಯಾಕೆ ಮೊದಲೇ ಗುರುತಿಸಿದ್ದಳು, ನಾನೇ ಕಿವಿಗೊಟ್ಟಿರಲಿಲ್ಲ.

ಮಗಳ ಪಂಜರದ ಲವ್ ಬರ್ಡ್ಸ್‌ಗೂ ಇದೇ ಲೆಕ್ಕ. ಕಿಟಕಿಯ ಬಿಸಿಲಿನಿಂದ ಪಡಸಾಲೆಗೆ ತಂದೆವು. ಅಗಲ ಬಟ್ಟಲಲ್ಲಿ ನೀರಿಟ್ಟರೆ ತಾವೇ ಮೀಯುತ್ತವೆ.

ಸೋತು ಬಿದ್ದ ಕೋಳಿಯನ್ನು ಗಾಳಿಯಾಡುವ ನೆರಳಿಗೊಯ್ದು ಕಾಲು, ಜುಟ್ಟು ತೋಯಿಸಿ. ಗಂಟಲಿಗೆ ನೀರು ಸುರಿಯಬೇಡಿ, ಉಸಿರುನಾಳಕ್ಕೆ ಹೋದೀತು.