ತಿರುವಿನಲ್ಲಿ ಗರಗರ ಸದ್ದೇ? ಪಿಕಪ್ ಗಾಡಿಯನ್ನು ಪರೀಕ್ಷಿಸಿರಿ



ಎತ್ತು ಕುಂಟಿದರೆ ನೀವು ಅದನ್ನು ಬಂಡಿಗೆ ಹೂಡುವುದಿಲ್ಲ. ಗೊರಸನ್ನು ಎತ್ತಿ, ಮುಳ್ಳೋ ಹುಣ್ಣೋ ಎಂದು ನೋಡುತ್ತೀರಿ. ಟೊಮೆಟೊ, ಸೊಪ್ಪು, ಹಾಲಿನ ಕ್ಯಾನುಗಳನ್ನು ಪೇಟೆಗೆ ಸಾಗಿಸುವ ಪಿಕಪ್ ಗಾಡಿಗೂ ಇದೇ ಎಚ್ಚರ ಬೇಕು. ನೇರ ದಾರಿಯಲ್ಲಿ ಸುಮ್ಮನಿದ್ದು ತಿರುವಿನಲ್ಲಿ ಮಾತ್ರ ಗರಗರ ಎನ್ನುವ ಗಾಡಿಯಲ್ಲಿ ಏನೋ ಕೆಟ್ಟಿದೆ. ಅದು ಒಂದು ಕಲ್ಲುಚೂರಿನ ಸದ್ದಾಗಿರಬಹುದು. ಚಕ್ರವೇ ಕಳಚಿಹೋಗುವ ಮುನ್ಸೂಚನೆಯೂ ಆಗಿರಬಹುದು. ಯಾವುದೆಂದು ಗುರುತಿಸುವುದನ್ನು ಪ್ರತಿಯೊಬ್ಬ ಗಾಡಿಯ ಯಜಮಾನನೂ ಕಲಿತಿರುವುದು ಒಳ್ಳೆಯದು.

ತಿರುವಿನಲ್ಲೇ ಏಕೆ?

ಗಾಡಿ ಬಲಕ್ಕೆ ತಿರುಗಿದಾಗ ಭಾರವೆಲ್ಲ ಎಡಗಡೆಯ ಚಕ್ರಗಳ ಮೇಲೆ ವಾಲುತ್ತದೆ. ಎಡಕ್ಕೆ ತಿರುಗಿದಾಗ ಬಲಗಡೆಗೆ. ಆಗ ಸವೆದ ಬೇರಿಂಗು ಕೂಗುತ್ತದೆ.

ಇನ್ನೊಂದು ಕಾರಣವೂ ಉಂಟು. ಕಣದಲ್ಲಿ ಹಂತಿ ಕಟ್ಟಿದಾಗ ಮೇಟಿಯ ಪಕ್ಕದ ಎತ್ತು ಕೊಂಚವೇ ನಡೆಯುತ್ತದೆ, ಹೊರಗಿನ ಎತ್ತು ಬಹುದೂರ ನಡೆಯುತ್ತದೆ. ತಿರುವಿನಲ್ಲಿ ಚಕ್ರಗಳೂ ಹಾಗೆಯೇ. ಹಿಂದಿನ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅನುವು ಮಾಡಿಕೊಡುವುದು ಹಿಂದಿನ ಅಚ್ಚಿನ ನಡುವೆ ಇರುವ ಡಿಫರೆನ್ಷಿಯಲ್. ಅದರೊಳಗಿನ ಸಣ್ಣ ಹಲ್ಲುಗಾಲಿಗಳು ಮುಖ್ಯವಾಗಿ ತಿರುವಿನಲ್ಲಿಯೇ ಕೆಲಸ ಮಾಡುತ್ತವೆ. ಅವು ಸವೆದಿದ್ದರೆ ಸದ್ದೂ ಆಗಲೇ ಬರುತ್ತದೆ.

ಸದ್ದನ್ನು ಕೇಳಿ ತಿಳಿಯುವ ಬಗೆ

ಗಾಡಿಯನ್ನು ಖಾಲಿ ಮಾಡಿ, ಜನಸಂಚಾರವಿಲ್ಲದ ಬಯಲಿನಲ್ಲಿ ನಿಧಾನವಾಗಿ ಎರಡೂ ಕಡೆಗೆ ತಿರುಗಿಸಿ ನೋಡಿರಿ.

1. ವೇಗ ಹೆಚ್ಚಿದಂತೆ ಗುಂಯ್‌ಗುಡುವ ಗರಗರ ಸದ್ದು ಬಲಕ್ಕೆ ತಿರುಗಿದಾಗ ಏರಿ, ಎಡಕ್ಕೆ ತಿರುಗಿದಾಗ ಇಳಿದರೆ, ಎಡ ಚಕ್ರದ ಬೇರಿಂಗಿನ ಮೇಲೆ ಅನುಮಾನಪಡಿರಿ. ತಿರುವುಮುರುವಾದರೆ ಬಲ ಚಕ್ರದ್ದು.

2. ತಗಡು ಕೆರೆದಂತೆ ಕಿರ್ರ್ ಎಂದರೆ, ಬ್ರೇಕಿನ ಡಿಸ್ಕಿಗೂ ಅದರ ಹಿಂದಿನ ಧೂಳುತಡೆ ತಗಡಿಗೂ ನಡುವೆ ಕಲ್ಲು ಸಿಕ್ಕಿರಬಹುದು. ಬ್ರೇಕು ತುಳಿದಾಗ ಸದ್ದು ಹೆಚ್ಚಿದರೆ ಪ್ಯಾಡು ಸವೆದು ಕಬ್ಬಿಣವೇ ಡಿಸ್ಕನ್ನು ತಿನ್ನುತ್ತಿದೆ ಎಂದು ತಿಳಿಯಿರಿ.

3. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ ಮಾತ್ರ ಉಜ್ಜಿದಂತೆ ಕೇಳಿದರೆ, ಟೈರು ಮಡ್‌ಗಾರ್ಡಿಗೆ ತಗಲುತ್ತಿದೆಯೇ ನೋಡಿರಿ. ಉಜ್ಜಿದ ಜಾಗ ಹೊಳೆಯುತ್ತದೆ. ಅಳತೆ ಮೀರಿದ ಟೈರು ಅಥವಾ ಮುರಿದ ಕಮಾನುಪಟ್ಟೆ ಇದಕ್ಕೆ ಕಾರಣ.

4. ಗಾಡಿ ನಿಂತಿದ್ದಾಗಲೂ ಸ್ಟೇರಿಂಗು ತಿರುಗಿಸಿದರೆ ಇಂಜಿನ್ನಿನ ಕಡೆಯಿಂದ ನರಳಿಕೆ ಬಂದರೆ, ಪವರ್ ಸ್ಟೇರಿಂಗಿನ ಎಣ್ಣೆ ಇಳಿದಿರಬಹುದು.

5. ಹಿಂದಿನ ಅಚ್ಚಿನಿಂದ, ತಿರುವಿನಲ್ಲಿ ಮಾತ್ರ ಕರಕರ ಬಂದರೆ ಡಿಫರೆನ್ಷಿಯಲ್ ನೋಡಿಸಿರಿ.

6. ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯಲ್ಲಿ ಮುಂದಿನಿಂದ ಟಕಟಕ ಎಂದರೆ ಅಚ್ಚಿನ ಕೀಲು ಸವೆದಿರಬಹುದು. ಅದರ ರಬ್ಬರು ಚೀಲ ಹರಿದಿದೆಯೇ ನೋಡಿರಿ. ಇಂಥ ಕೆಲವು ಗಾಡಿಗಳಲ್ಲಿ ಒಣ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರದ ಎಳೆತವನ್ನು ಬಿಡಿಸದೆ ಓಡಿಸಿದರೂ ತಿರುವಿನಲ್ಲಿ ಗಾಡಿ ಬಿಗಿಯುತ್ತದೆ. ಅದು ರೋಗವಲ್ಲ, ಬಳಕೆಯ ದೋಷ.

ಜಾಕಿ ಏರಿಸಿ ನೋಡುವ ಕ್ರಮ

ಗಟ್ಟಿಯಾದ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿರಿ. ಜಾಕಿ ಒಂದನ್ನೇ ನಂಬಬೇಡಿರಿ. ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡನ್ನೂ ಇಡಿರಿ. ಇಟ್ಟಿಗೆ ಪುಡಿಯಾಗುತ್ತದೆ, ಆಸರೆಗೆ ಬಾರದು. ಗಾಡಿಯ ಕೆಳಗೆ ತಲೆ ತೂರಿಸಬೇಡಿರಿ.

ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿರಿ. ಒಳಗೆ ಮರಳು ಇದ್ದಂತೆ ಒರಟಾಗಿ ಉರುಳಿದರೆ ಬೇರಿಂಗು ಕೆಟ್ಟಿದೆ. ಬಳಿಕ ಚಕ್ರದ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿರಿ. ಅಲುಗಿದರೆ, ಇನ್ನೊಬ್ಬರಿಗೆ ಬ್ರೇಕು ತುಳಿದು ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿರಿ. ಅಲುಗಾಟ ನಿಂತರೆ ದೋಷ ಬೇರಿಂಗಿನದು. ಆಗಲೂ ಅಲುಗಿದರೆ ಚಕ್ರವನ್ನು ಹಿಡಿದಿರುವ ಬಾಲ್ ಜಾಯಿಂಟು ಸಡಿಲವಾಗಿದೆ. ಈ ಎರಡರಲ್ಲಿ ಯಾವುದಿದ್ದರೂ ಸರಿಮಾಡಿಸದೆ ಭಾರ ಹೇರಬೇಡಿರಿ.

ದುರಸ್ತಿ

ಕಲ್ಲು ಸಿಕ್ಕಿದ್ದರೆ ಚಕ್ರ ಬಿಚ್ಚಿ ತೆಗೆದು, ಬಾಗಿದ ತಗಡನ್ನು ನೇರ ಮಾಡಿದರೆ ಸಾಕು. ಪ್ಯಾಡುಗಳನ್ನು ಒಂದೇ ಕಡೆ ಬದಲಿಸಬಾರದು; ಎಡ ಬಲ ಎರಡೂ ಒಟ್ಟಿಗೆ ಹೊಸದಾಗಬೇಕು. ಸ್ಟೇರಿಂಗಿಗೆ ಗಾಡಿಯ ಕೈಪಿಡಿ ಹೇಳಿದ ಎಣ್ಣೆಯನ್ನೇ ಹಾಕಿರಿ. ಎಣ್ಣೆ ಮತ್ತೆ ಇಳಿದರೆ ಸೋರುವ ಜಾಗವನ್ನು ಹುಡುಕಿಸಿರಿ.

ಬಿಚ್ಚಬಹುದಾದ ಬೇರಿಂಗನ್ನು ತೊಳೆದು ಒರೆಸಿ ನೋಡಬೇಕು. ಉರುಳೆಗಳಲ್ಲಿ ಗುಳಿ ಬಿದ್ದಿದ್ದರೆ ಅಥವಾ ನೀಲಿಗಟ್ಟಿದ್ದರೆ ಹೊರಬಳೆಯ ಸಮೇತ ಬದಲಿಸಿ, ಹೊಸ ಸೀಲು ಹಾಕಿಸಿರಿ. ಅತಿ ಬಿಗಿ ಮಾಡಿದರೆ ಬೇರಿಂಗು ಸುಟ್ಟುಹೋಗುತ್ತದೆ, ಸಡಿಲ ಬಿಟ್ಟರೆ ಬಡಿದಾಡುತ್ತದೆ. ಆದ್ದರಿಂದ ಇದು ಪಳಗಿದ ಮೆಕ್ಯಾನಿಕ್ಕಿನ ಕೆಲಸ. ಮುಚ್ಚಿದ ಬೇರಿಂಗಿಗೆ ಗ್ರೀಸು ತುಂಬಲಾಗದು, ಇಡಿಯಾಗಿ ಬದಲಿಸಬೇಕು.

ಡಿಫರೆನ್ಷಿಯಲ್ ಎಣ್ಣೆಯನ್ನು ಇಳಿಸಿದಾಗ ಕಬ್ಬಿಣದ ಚೂರುಗಳು ಕಂಡರೆ, ಹೊಸ ಎಣ್ಣೆ ಹಾಕಿ ಸುಮ್ಮನಾಗಬೇಡಿರಿ. ಬಿಚ್ಚಿಸಿ ಹಲ್ಲುಗಳನ್ನು ನೋಡಿಸಿರಿ.

ಮುಂದೆ ಬಾರದಂತೆ

ಹಳ್ಳ ದಾಟುವಾಗ ಚಕ್ರದ ಗುಂಬ ಮುಳುಗಿದರೆ ಬೇರಿಂಗಿಗೆ ನೀರು ಸೇರಬಹುದು. ಮಳೆಗಾಲ ಕಳೆದ ಮೇಲೆ ಒಮ್ಮೆ ನೋಡಿಸಿರಿ. ಮಿತಿ ಮೀರಿ ಹೇರಿದ ಪ್ರತಿಯೊಂದು ಮೂಟೆಯೂ ಬೇರಿಂಗಿನ ಆಯುಸ್ಸನ್ನು ತಿನ್ನುತ್ತದೆ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಹಾಗೇ ಒತ್ತಿಹಿಡಿಯಬೇಡಿರಿ. ಸರಕಿನ ಗಾಡಿಯಲ್ಲಿ ಕೂಲಿ ಜನರನ್ನೂ ಮದುವೆ ದಿಬ್ಬಣವನ್ನೂ ಸಾಗಿಸುವುದು ಕಾನೂನಿಗೆ ವಿರುದ್ಧ; ಚಕ್ರ ಸಡಿಲವಾದ ಗಾಡಿಯಲ್ಲಂತೂ ಅದು ಪ್ರಾಣಕ್ಕೇ ಎರವು.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯುವವರೆಗೆ ಕಾಯಬೇಡಿರಿ. ಇಂದು ಬೇರಿಂಗಿನ ಖರ್ಚಿನಲ್ಲಿ ಮುಗಿಯುವ ಕೆಲಸ ನಾಳೆ ಗುಂಬ, ಅಚ್ಚು, ಫಸಲು ಎಲ್ಲವನ್ನೂ ದಾರಿಯಲ್ಲಿ ಕೆಡವಬಹುದು. ಮುಂದಿನ ಸಂತೆಗೆ ಮಾಲು ಹೇರುವ ಮುನ್ನ, ಒಮ್ಮೆ ಖಾಲಿ ಗಾಡಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಕಿವಿಗೊಡಿರಿ.